ಬಚ್ಚಲಿನಲ್ಲಿ ಮೊದಲು ಯಾವುದು: ಮ್ಯಾಟೋ, ಕಂಬಿಯೋ, ಕುರ್ಚಿಯೋ?

ಕೋಲಾರದ ದೊಡ್ಡಪೇಟೆಯ ಯಾವುದಾದರೂ ಅಂಗಡಿಯಲ್ಲಿ ನಿಂತು “ವಯಸ್ಸಾದವರು ಬಚ್ಚಲಲ್ಲಿ ಜಾರದ ಹಾಗೆ ಏನಾದರೂ ಕೊಡಿ” ಎಂದು ಕೇಳಿ ನೋಡಿ. ಮೊದಲು ಕೈಗೆ ಬರುವುದು ಒಂದು ರಬ್ಬರ್ ಮ್ಯಾಟ್. ನನಗೂ ಅದೇ ಬಂತು. ನೀಲಿ ಬಣ್ಣದ್ದು, ಮೇಲೆ ಮೀನಿನ ಚಿತ್ರ. ಅಮ್ಮನಿಗೆ ಆಗ 74 ವರ್ಷ. ಹಾಸಿ ಮೂರು ತಿಂಗಳಾಗಿತ್ತು, ಅಮ್ಮ ಬಿದ್ದರು. ಮ್ಯಾಟೇ ಅವರನ್ನು ಹೊತ್ತುಕೊಂಡು ಗೋಡೆಯವರೆಗೆ ಜಾರಿತ್ತು. ಬಲ ಮಣಿಕಟ್ಟು ಮುರಿಯಿತು, ಸೊಂಟ ಉಳಿಯಿತು. ಆರು ವಾರ ಪಟ್ಟಿಯಲ್ಲಿದ್ದ ಕೈಯನ್ನು ನೋಡುತ್ತಾ ನಾನು ಈ ವಿಷಯವನ್ನು ಕಲಿತೆ. ಆಮೇಲೆ ಬೀದಿಯ ನಾಲ್ಕಾರು ಮನೆಯವರು ಬಂದು ಕೇಳತೊಡಗಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 65 ದಾಟಿದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ. ಎಲ್ಲರೂ ಬಚ್ಚಲಿನಲ್ಲೇ ಬೀಳುವುದಿಲ್ಲ. ಆದರೆ ನೀರು, ಸೋಪು, ಇಕ್ಕಟ್ಟು, ಗಟ್ಟಿ ನೆಲ ಇವೆಲ್ಲ ಒಟ್ಟಿಗೆ ಸೇರುವ ಜಾಗ ಮನೆಯಲ್ಲಿ ಬೇರೊಂದಿಲ್ಲ.

ಕೊಳ್ಳುವ ಮುಂಚೆ ಮಾಡಬೇಕಾದ ಕೆಲಸ ಒಂದಿದೆ, ಅದಕ್ಕೆ ಕಾಸು ಬೇಕಿಲ್ಲ. ಒಣಗಿದ ಬಚ್ಚಲಿಗೆ ಹಿರಿಯರನ್ನು ಬಟ್ಟೆಯಲ್ಲಿರುವಂತೆಯೇ ಕರೆದುಕೊಂಡು ಹೋಗಿ. ಒಳಗೆ ಕಾಲಿಡಲು, ಕುಳಿತುಕೊಳ್ಳಲು, ಏಳಲು ಹೇಳಿ. ನೀವು ಬಾಗಿಲಲ್ಲಿ ನಿಂತು ಅವರ ಕೈಯನ್ನು ಮಾತ್ರ ನೋಡಿ. ನಮ್ಮ ಅಮ್ಮನ ಕೈ ಹೋಗುತ್ತಿದ್ದದ್ದು ನಲ್ಲಿಯ ಮೇಲೆ. ಅದಕ್ಕೂ ಆರು ತಿಂಗಳ ಮುಂಚಿನಿಂದ ಆ ನಲ್ಲಿ ಬುಡದಲ್ಲಿ ಸೋರುತ್ತಿತ್ತು, ಪ್ಲಂಬರ್ ಎರಡು ಸಲ ಬಂದು ಟೇಪು ಸುತ್ತಿ ಹೋಗಿದ್ದ. ಪ್ರತಿದಿನ ಒಂದು ದೇಹದ ಭಾರ ಆ ಪ್ಲಾಸ್ಟಿಕ್ ನಲ್ಲಿಯ ಮೇಲೆ ಬೀಳುತ್ತಿದೆ ಎಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಿಮ್ಮ ಮನೆಯಲ್ಲೂ ಟವೆಲ್ ರಾಡು ಒಂದು ಕಡೆ ಜೋತಿದ್ದರೆ, ವಾಶ್ ಬೇಸಿನ್ ಅಲುಗಾಡುತ್ತಿದ್ದರೆ, ಬಾಗಿಲ ಚಿಲಕ ಸಡಿಲವಾಗಿದ್ದರೆ ಯಾವ ಕೈ ಅಲ್ಲಿಗೆ ಹೋಗುತ್ತಿದೆ ಎಂದು ಒಮ್ಮೆ ಯೋಚಿಸಿ.

ನಮ್ಮ ನೀರು, ನಮ್ಮ ನೆಲ

ಬೇರೆ ಊರಿನವರು ಬರೆದ ಸಲಹೆಗಳು ಇಲ್ಲಿ ಪೂರ್ತಿ ನಡೆಯದಿರುವುದಕ್ಕೆ ಕಾರಣ ನೀರು. ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಸಾವಿರ ಅಡಿಗೂ ಆಳದ ಬೋರ್‌ವೆಲ್‌ನಿಂದ ಬರುವ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ತುಂಬಿರುತ್ತವೆ. ಸೋಪು ಈ ನೀರಿನಲ್ಲಿ ನೊರೆಯಾಗುವ ಮೊದಲು ಮೊಸರಿನಂತೆ ಒಡೆದು, ಬೂದು ಬಣ್ಣದ ಅಂಟು ಜಿಡ್ಡಾಗಿ ನೆಲಕ್ಕೆ ಕೂರುತ್ತದೆ. ಅದರ ಮೇಲೆ ಉಪ್ಪಿನ ಬಿಳಿ ಪದರ, ಅದರ ಮೇಲೆ ಮತ್ತೆ ಜಿಡ್ಡು. ಒಣಗಿದಾಗ ಒರಟಾಗಿ ಕಾಣುವ ನೆಲವೇ ನೀರು ಬಿದ್ದಾಗ ಬೆಣ್ಣೆ ಸವರಿದಂತಾಗುತ್ತದೆ. ಮ್ಯಾಟಿನ ಕೆಳಗಿರುವ ಹೀರುಬಟ್ಟಲುಗಳು (ಸಕ್ಷನ್ ಕಪ್) ಹಿಡಿಯಬೇಕಾದದ್ದು ಟೈಲನ್ನು. ನಮ್ಮ ಮನೆಯಲ್ಲಿ ಅವು ಹಿಡಿದಿದ್ದದ್ದು ಈ ಜಿಡ್ಡನ್ನು.

ಹಾಗಾಗಿ ನೆಲದ ವಿಷಯದಲ್ಲಿ ಮೊದಲ ಆಯ್ಕೆ ತೊಳೆಯುವುದೇ. ಹಿತ್ತಾಳೆ ಹಂಡೆ ಬೆಳಗುವ ಹುಣಸೆಹಣ್ಣಿನ ಹುಳಿ ಮಾಡುವ ಕೆಲಸವನ್ನೇ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಕೂಡ ಮಾಡುತ್ತದೆ: ಬಿಸಿನೀರಿನಲ್ಲಿ ಕರಗಿಸಿ, ಕಾಲು ಗಂಟೆ ಬಿಟ್ಟು, ಬ್ರಷ್ಷಿನಿಂದ ಉಜ್ಜಿದರೆ ಬಿಳಿ ಪದರ ಬಿಡುತ್ತದೆ. ಟೈಲಿನ ನೆಲಕ್ಕೆ ಇದು ವಾರಕ್ಕೊಮ್ಮೆ ಸಾಕು. ಹಳೆಯ ಮನೆಗಳ ಕಡಪ ಕಲ್ಲಿನ ನೆಲಕ್ಕೆ ಮಾತ್ರ ಯಾವ ಹುಳಿಯೂ ಬೇಡ. ಅದು ಸುಣ್ಣದ ಜಾತಿಯ ಕಲ್ಲು, ಹುಳಿ ತಾಗಿದರೆ ತಿಂದುಹೋಗಿ ಗುಳಿ ಬೀಳುತ್ತದೆ, ಗುಳಿಯಲ್ಲಿ ಪಾಚಿ ಕೂರುತ್ತದೆ. ಅದಕ್ಕೆ ಸೋಪಿನ ಪುಡಿ ಮತ್ತು ಗಟ್ಟಿ ಬ್ರಷ್ಷು. ಇನ್ನೊಂದು ಎಚ್ಚರಿಕೆ: ಆ್ಯಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಎಂದಿಗೂ ಒಟ್ಟಿಗೆ ಹಾಕಬೇಡಿ. ಏಳುವ ಕ್ಲೋರಿನ್ ಅನಿಲ ಮುಚ್ಚಿದ ಬಚ್ಚಲಿನಲ್ಲಿ ಉಸಿರು ಕಟ್ಟಿಸುತ್ತದೆ.

ಸೋಪಿನ ಬಿಲ್ಲೆಯ ಬದಲು ದ್ರವರೂಪದ ಬಾಡಿ ವಾಶ್ ಬಳಸಿದರೆ ಜಿಡ್ಡು ಬಹಳ ಕಡಿಮೆಯಾಗುತ್ತದೆ, ಏಕೆಂದರೆ ಅವುಗಳಲ್ಲಿ ಹೆಚ್ಚಿನವು ರಸಾಯನದ ಲೆಕ್ಕದಲ್ಲಿ ಸೋಪೇ ಅಲ್ಲ. ಅಮ್ಮ ಒಪ್ಪಲಿಲ್ಲ. ಸೀಗೆಕಾಯಿಗೆ ಮರಳಿದರು. ಅದೂ ಗಡಸು ನೀರಿನಲ್ಲಿ ಸೋಪಿನಂತೆ ಒಡೆಯುವುದಿಲ್ಲ, ಆದರೆ ಅದರ ಚರಟ ನೆಲದಲ್ಲಿ ಉಳಿದರೆ ಜಾರಿಕೆಯೇ. ಸ್ನಾನ ಮುಗಿದ ಕೂಡಲೇ ಒಂದು ಬಕೆಟ್ ನೀರು ಸುರಿದು ಹೋಗಲಾಡಿಸಬೇಕು. ಯುಗಾದಿ, ದೀಪಾವಳಿಯ ಎಣ್ಣೆಸ್ನಾನದ ದಿನ ಎಣ್ಣೆ ಹಚ್ಚುವುದು ಬಚ್ಚಲ ಹೊರಗೆ, ಗೋಣಿತಾಟಿನ ಮೇಲೆ. ಒಳಗೆ ಹೋಗುವ ಮುಂಚೆ ಅಂಗಾಲನ್ನು ಒಣಬಟ್ಟೆಯಲ್ಲಿ ಒರೆಸಿಕೊಳ್ಳಬೇಕು. ವರ್ಷದಲ್ಲಿ ಎರಡೇ ದಿನವಾದರೂ ಹಬ್ಬದ ದಿನ ಆಸ್ಪತ್ರೆಗೆ ಓಡುವುದು ಯಾರಿಗೆ ಬೇಕು.

ನೆಲದ ಮೇಲೆ ಹಾಕುವುದರಲ್ಲಿ ಯಾವುದು ಮೇಲು

ಮ್ಯಾಟನ್ನು ನಾನು ಪೂರ್ತಿ ಬೇಡವೆನ್ನುವುದಿಲ್ಲ. ನಯವಾದ ದೊಡ್ಡ ಟೈಲಿನ ಮೇಲೆ, ದಿನವೂ ಎತ್ತಿ ಗೋಡೆಗೆ ಒರಗಿಸಿ ಒಣಗಿಸುವ ಮನೆಯಲ್ಲಿ ಅದು ಕೆಲಸ ಮಾಡುತ್ತದೆ. ಎತ್ತದ ಮನೆಯಲ್ಲಿ ಅದೇ ಅಪಾಯ. ಒರಟು ಟೈಲಿನ ಮೇಲೆ, ಕಲ್ಲಿನ ಮೇಲೆ, ಟೈಲುಗಳ ನಡುವಿನ ಗೀಟುಗಳ ಮೇಲೆ ಹೀರುಬಟ್ಟಲು ಹಿಡಿಯುವುದೇ ಇಲ್ಲ. ಬಾಗಿಲ ಹೊರಗೆ ಹಾಸುವ ಬಟ್ಟೆಯ ಕಾಲೊರಸು, ಅದರಲ್ಲೂ ಹಳೆಯ ಸೀರೆ ಮಡಚಿ ಹಾಸಿದ್ದು, ಮ್ಯಾಟಿಗಿಂತಲೂ ಕೆಟ್ಟದ್ದು. ಅದನ್ನು ಇವತ್ತೇ ತೆಗೆದುಬಿಡಿ. ಅಡಿಯಲ್ಲಿ ರಬ್ಬರ್ ಇರುವುದನ್ನು ತನ್ನಿ.

ಅಂಟಿಸುವ ಪಟ್ಟಿಗಳಲ್ಲಿ ಎರಡು ಬಗೆ. ಮರಳುಕಾಗದದಂತಿರುವ ಕಪ್ಪು ಪಟ್ಟಿ ಮೆಟ್ಟಿಲಿಗೆ ಮಾಡಿದ್ದು, ಮುದಿ ಅಂಗಾಲಿನ ತೆಳು ಚರ್ಮವನ್ನು ಅದು ತರಚುತ್ತದೆ. ಬಚ್ಚಲಿಗೆಂದೇ ಬರುವ ಮೆತ್ತನೆಯ ಪಾರದರ್ಶಕ ಪಟ್ಟಿ ಮ್ಯಾಟಿಗಿಂತ ಮೇಲು, ಏಕೆಂದರೆ ಅದಕ್ಕೆ ಎಡವುವ ಅಂಚಿಲ್ಲ. ಉಪ್ಪು ಪದರವನ್ನು ಪೂರ್ತಿ ತೆಗೆದು, ಒಂದು ದಿನ ನೆಲ ಒಣಗಲು ಬಿಟ್ಟು ಅಂಟಿಸಿದರೆ ಮಾತ್ರ ನಿಲ್ಲುತ್ತದೆ. ಮೂಲೆ ಏಳತೊಡಗಿದಾಗ ಬದಲಾಯಿಸಬೇಕು.

ಟೈಲಿನ ಮೇಲೆ ರಾಸಾಯನಿಕ ಸುರಿದು ಕಣ್ಣಿಗೆ ಕಾಣದಷ್ಟು ಒರಟಾಗಿಸುವ ಸೇವೆಯೂ ಇದೆ. ಆರಂಭದಲ್ಲಿ ಚೆನ್ನಾಗಿ ಹಿಡಿಯುತ್ತದೆ. ಆ ಸೂಕ್ಷ್ಮ ಗುಳಿಗಳನ್ನು ನಮ್ಮ ನೀರಿನ ಉಪ್ಪು ಮತ್ತೆ ತುಂಬುವುದರಿಂದ ನಾನು ಇದಕ್ಕೆ ಹಣ ಹಾಕಲಿಲ್ಲ. ಇಂಥ ದ್ರಾವಣಗಳಲ್ಲಿ ಹಲವು ಫ್ಲೋರೈಡ್ ಬೆರೆತ ಬಲವಾದ ಆಮ್ಲಗಳು, ಬಾಟಲಿ ತಂದು ಸ್ವತಃ ಪ್ರಯೋಗ ಮಾಡುವ ವಸ್ತುವಂತೂ ಅಲ್ಲ.

ಟೈಲನ್ನೇ ಬದಲಾಯಿಸುವುದು ದುಬಾರಿ. ಆದರೆ ಬೇರೆ ಕಾರಣಕ್ಕೆ ಬಚ್ಚಲು ಒಡೆಸುತ್ತಿದ್ದರೆ ಆ ಅವಕಾಶ ಬಿಡಬೇಡಿ. ಪೆಟ್ಟಿಗೆಯ ಮೇಲೆ ಆರ್ 9ರಿಂದ ಆರ್ 13ರವರೆಗಿನ ಗುರುತು ಕೇಳಿ. 9 ಅತಿ ಕಡಿಮೆ ಹಿಡಿತದ್ದು, ಬಚ್ಚಲಿಗೆ 10 ಅಥವಾ 11 ಬೇಕು. ಆ ಗುರುತು ಕೊಡುವುದು ಬೂಟು ಹಾಕಿ ನಡೆಯುವ ಪರೀಕ್ಷೆಯಿಂದ. ಬರಿಗಾಲಿಗೆ ಎ, ಬಿ, ಸಿ ಎಂಬ ಬೇರೆ ದರ್ಜೆಯಿದೆ, ಅದರಲ್ಲಿ ಬಿ ಇದ್ದರೆ ಒಳ್ಳೆಯದು. ಅಂಗಡಿಯಲ್ಲಿ ಗುರುತು ಸಿಗದಿದ್ದರೆ ಒಂದು ಟೈಲನ್ನು ನೆಲದಲ್ಲಿಟ್ಟು, ನೀರು ಹಾಕಿ, ಸೋಪು ಸವರಿ, ಯಾರನ್ನಾದರೂ ಗಟ್ಟಿಯಾಗಿ ಹಿಡಿದುಕೊಂಡು ಬರಿಗಾಲಿನಲ್ಲಿ ನಿಂತು ನೋಡಿ. ಅಂಗಡಿಯವರು ನಗುತ್ತಾರೆ, ನಗಲಿ. ಚಿಕ್ಕ ಚಿಕ್ಕ ಟೈಲುಗಳಿದ್ದಷ್ಟೂ ನಡುವಿನ ಗೀಟುಗಳು ಹೆಚ್ಚಿ ಕಾಲಿಗೆ ಹಿಡಿತ ಸಿಗುತ್ತದೆ. ನಮ್ಮ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲವಲ್ಲ ಎಂದು ಪಾಲಿಶ್ ಮಾಡಿದ ಗ್ರಾನೈಟ್ ಹಾಸಿಸುವವರಿದ್ದಾರೆ. ಒದ್ದೆಯಾದಾಗ ಅದರಷ್ಟು ಜಾರುವ ನೆಲ ಇನ್ನೊಂದಿಲ್ಲ. ಅದೇ ಕಲ್ಲನ್ನು ಉಳಿಪೆಟ್ಟು ಹೊಡೆಸಿಯೋ, ಬೆಂಕಿಯಲ್ಲಿ ಒರಟಾಗಿಸಿಯೋ ಹಾಕಿಸಿದರೆ ತಲೆಮಾರುಗಟ್ಟಲೆ ಬಾಳುತ್ತದೆ.

ಕಂಬಿ: ಹಣ ಒಂದಕ್ಕೇ ಇದ್ದರೆ ಇದಕ್ಕೆ

ಗೋಡೆಗೆ ಬಿಗಿದು ಕೈಯಲ್ಲಿ ಹಿಡಿದುಕೊಳ್ಳುವ ಸರಳಿಗೆ ಅಂಗಡಿಯಲ್ಲಿ ಗ್ರ್ಯಾಬ್ ಬಾರ್ ಎನ್ನಬೇಕು, ನಾನು ಕಂಬಿ ಎನ್ನುತ್ತೇನೆ. ನೆಲ ಎಷ್ಟೇ ಚೆನ್ನಾಗಿದ್ದರೂ ಕಾಲು ಒಂದು ದಿನ ತಪ್ಪುತ್ತದೆ. ತಲೆ ಸುತ್ತಿದಾಗ, ಮೊಣಕಾಲು ಕೈಕೊಟ್ಟಾಗ ನೆಲಕ್ಕೆ ಮಾಡಲು ಏನೂ ಉಳಿದಿರುವುದಿಲ್ಲ. ಆಗ ಬೇಕಾದದ್ದು ಕೈಗೆ ಸಿಗುವ, ಅಲುಗದ ಒಂದು ವಸ್ತು. ಇದನ್ನು ಮೊದಲು ಹಾಕಿಸಿ ಮ್ಯಾಟನ್ನು ಆಮೇಲೆ ತಂದಿದ್ದರೆ ಅಮ್ಮನ ಮಣಿಕಟ್ಟು ಉಳಿಯುತ್ತಿತ್ತು ಎಂದೇ ನನ್ನ ಲೆಕ್ಕ.

ಗೋಡೆಗೆ ಒತ್ತಿ ಲಿವರ್ ತಿರುಗಿಸಿದರೆ ಅಂಟುವ, ತೂತು ಕೊರೆಯಬೇಕಿಲ್ಲದ ಕಂಬಿಗಳು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತವೆ. ನಾನೂ ಒಂದು ತರಿಸಿದ್ದೆ. ಒಂದು ಬೆಳಿಗ್ಗೆ ಯಾರೂ ಮುಟ್ಟದೆಯೇ ದೊಪ್ಪನೆ ಕೆಳಗೆ ಬಿದ್ದಿತ್ತು. ಅದು ಬೀಳುವಾಗ ಅಮ್ಮ ಅದನ್ನು ಹಿಡಿದಿರಲಿಲ್ಲ ಎನ್ನುವುದೇ ಭಾಗ್ಯ. ಸಮತೋಲಕ್ಕೆ ಬೆರಳು ತಾಗಿಸಿಕೊಳ್ಳಲು ಅದು ಆಗಬಹುದು, ದೇಹದ ಭಾರಕ್ಕೆ ಖಂಡಿತ ಆಗದು. ಹಿಡಿಯಲು ಏನೂ ಇಲ್ಲದಿದ್ದರೆ ಮನುಷ್ಯ ಎಚ್ಚರದಿಂದಾದರೂ ಇರುತ್ತಾನೆ. ನಂಬಿ ಹಿಡಿದದ್ದು ಕಿತ್ತು ಬಂದಾಗ ಆ ಎಚ್ಚರವೂ ಇರುವುದಿಲ್ಲ.

ಬೋಲ್ಟ್ ಹಾಕಿ ಬಿಗಿಯುವ ಸ್ಟೇನ್‌ಲೆಸ್ ಸ್ಟೀಲ್ ಕಂಬಿಯಲ್ಲಿ ನೋಡಬೇಕಾದ್ದು ಇಷ್ಟು. 304 ದರ್ಜೆಯ ಸ್ಟೀಲ್ ಆಗಿರಲಿ. 202 ಅಗ್ಗ, ಬೇಗ ತುಕ್ಕು ಹಿಡಿಯುತ್ತದೆ. ದಪ್ಪ 32ರಿಂದ 38 ಮಿಲಿಮೀಟರ್, ಎಂದರೆ ಬೆರಳುಗಳು ಸುತ್ತಿ ಬರುವಷ್ಟು. ಗೋಡೆಗೂ ಕಂಬಿಗೂ ನಡುವೆ ಸುಮಾರು ಒಂದೂವರೆ ಇಂಚು ಸಂದು. ಹೆಚ್ಚು ಬಿಟ್ಟರೆ ಜಾರಿದಾಗ ಮೊಣಕೈ ಒಳಗೆ ಸಿಕ್ಕಿ ಮುರಿಯುತ್ತದೆ. ಮೈ ಕನ್ನಡಿಯಂತೆ ಹೊಳೆಯುವುದಕ್ಕಿಂತ ಗೀರುಗೀರಾಗಿರುವುದು ಸೋಪು ಕೈಗೆ ಒಳ್ಳೆಯದು. ಎತ್ತರ 33ರಿಂದ 36 ಇಂಚು ಎಂದು ಪುಸ್ತಕಗಳಲ್ಲಿದೆ. ನಮ್ಮ ಅಮ್ಮ ಐದಡಿಯೂ ಇಲ್ಲ. ಅವರನ್ನು ನಿಲ್ಲಿಸಿ, ಕೈ ಇಳಿಬಿಡಿಸಿ, ಮಣಿಕಟ್ಟಿನ ಮಟ್ಟಕ್ಕೆ ಪೆನ್ಸಿಲ್ಲಿನಿಂದ ಗೀಟು ಹಾಕಿ ಅಲ್ಲಿಗೆ ಬಿಗಿಸಿದೆವು, 30 ಇಂಚಿಗಿಂತ ತುಸು ಕೆಳಗೆ ಬಂತು.

ಆದರೆ ಕಂಬಿಗಿಂತ ಗೋಡೆ ಮುಖ್ಯ. ಕೋಲಾರದ ಹಳೆಯ ಮನೆಗಳಲ್ಲಿ ಸೈಜುಗಲ್ಲಿನ ಗೋಡೆ ಸಾಮಾನ್ಯ. ಕೊರೆಯಲು ಡ್ರಿಲ್ ಬಿಟ್ಟುಗಳು ಸವೆಯುತ್ತವೆ, ಕೆಲಸದವನು ಗೊಣಗುತ್ತಾನೆ, ಆದರೆ ಕಲ್ಲಿನಲ್ಲಿ ಕೂತ ಬೋಲ್ಟು ಕದಲುವುದಿಲ್ಲ. ಕಲ್ಲಿನ ಮಧ್ಯಕ್ಕೆ ಕೊರೆಯಬೇಕು, ಸಂದಿನ ಗಾರೆಗೆ ಕೊರೆಯಬಾರದು. ಇಟ್ಟಿಗೆ ಮತ್ತು ಗಟ್ಟಿ ಸಿಮೆಂಟ್ ಬ್ಲಾಕಿನ ಗೋಡೆಗೆ ಒಳಗೆ ಅರಳಿ ಹಿಡಿಯುವ ಆ್ಯಂಕರ್ ಬೋಲ್ಟ್ ಸಾಕು. ಹಗುರ ಬ್ಲಾಕು, ಟೊಳ್ಳು ಬ್ಲಾಕು, ಮಣ್ಣಿನ ಗೋಡೆ ಇದ್ದರೆ ಬೋಲ್ಟನ್ನು ಗೋಡೆಯ ಆಚೆಬದಿಗೆ ತೂರಿಸಿ ಅಲ್ಲಿ ಕಬ್ಬಿಣದ ತಟ್ಟೆ ಕೊಟ್ಟು ಬಿಗಿಯಬೇಕು. ನೋಡಲು ಚೆಂದವಿರುವುದಿಲ್ಲ, ಇರಲಿ. ಟೈಲನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಮಡಕೆಯಂತೆ ಸದ್ದು ಬಂದರೆ ಹಿಂದೆ ಟೊಳ್ಳಿದೆ, ಅಲ್ಲಿ ಬಿಗಿದರೆ ಟೈಲು ಒಡೆಯುತ್ತದೆ. ಬಿಗಿದ ಮೇಲೆ ಮನೆಯಲ್ಲಿ ಅತಿ ದಪ್ಪಗಿರುವವರು ಪೂರ್ತಿ ಭಾರ ಬಿಟ್ಟು ಜೋತು ನೋಡಬೇಕು. ನಮ್ಮಲ್ಲಿ ಆ ಗೌರವ ಭಾವನಿಗೆ ಸಂದಿತು.

ಎಷ್ಟು ಬೇಕು? ಮೊದಲನೆಯದು ಹಿರಿಯರ ಕೈ ತಾನಾಗಿ ಹೋಗುವ ಜಾಗದಲ್ಲಿ. ಎರಡನೆಯದು ಕಮೋಡಿನ ಪಕ್ಕ. ಮೂರನೆಯದು ಬಾಗಿಲ ಚೌಕಟ್ಟಿನ ಬಳಿ ನೆಟ್ಟಗೆ, ಏಕೆಂದರೆ ಹೊಸಿಲು ದಾಟುವಾಗ ಒಂದು ಕ್ಷಣ ಒಂಟಿಕಾಲಿನಲ್ಲಿರುತ್ತೇವೆ.

ಮಣೆಯ ಮೇಲೋ ಕುರ್ಚಿಯ ಮೇಲೋ

ನಿಂತು ಸ್ನಾನ ಮಾಡುವ ಹಿರಿಯರನ್ನು ಕೂರಿಸುವುದು ಕಂಬಿಯಷ್ಟೇ ದೊಡ್ಡ ಉಪಾಯ. ಯಾವುದರ ಮೇಲೆ ಎನ್ನುವಲ್ಲಿ ಜಗಳ. ಮಣೆಯ ಪರವಾಗಿ ಅಮ್ಮ ಹೂಡಿದ ವಾದ ನನಗೆ ಇಂದಿಗೂ ಇಷ್ಟ: “ನೆಲಕ್ಕೆ ನಾಲ್ಕೇ ಬೆರಳು ಮೇಲಿದ್ದವಳು ಎಲ್ಲಿಗೆ ಬೀಳಲಿ?” ನಿಜವೇ. ಕೈ ಊರದೆ ನೆಲದಿಂದ ಏಳಬಲ್ಲವರಿಗೆ ಮಣೆಯೇ ಸರಿ. ಏಳುವಾಗ ನಲ್ಲಿ, ಹಂಡೆ, ಸೊಸೆಯ ಭುಜ ಬೇಕಾದವರಿಗೆ ಅಪಾಯವೆಲ್ಲ ಆ ಏಳುವ ಗಳಿಗೆಯಲ್ಲೇ ಇದೆ.

ಪ್ಲಾಸ್ಟಿಕ್ ಸ್ಟೂಲು ಅಗ್ಗ, ಎಲ್ಲರ ಮನೆಯಲ್ಲೂ ಇದೆ, ನನಗೆ ಅದರ ಮೇಲೆ ನಂಬಿಕೆಯಿಲ್ಲ. ಒದ್ದೆ ಟೈಲಿನ ಮೇಲೆ ಅದರ ಕಾಲುಗಳು ಅಗಲಿಸಿಕೊಳ್ಳುತ್ತವೆ, ಬಿಸಿಲಿನಲ್ಲಿಟ್ಟದ್ದು ಒಂದು ದಿನ ಸೀಳುತ್ತದೆ. ಔಷಧಿ ಸಲಕರಣೆಯ ಅಂಗಡಿಗಳಲ್ಲಿ ಸಿಗುವ ಅಲ್ಯೂಮಿನಿಯಂ ಸ್ನಾನದ ಕುರ್ಚಿಗೆ ಅದರ ಹಲವು ಪಟ್ಟು ಬೆಲೆ, ಆದರೆ ಅದಕ್ಕೆ ರಬ್ಬರ್ ಪಾದಗಳಿರುತ್ತವೆ, ಎತ್ತರ ಹೊಂದಿಸಬಹುದು, ನೀರು ಇಳಿಯಲು ತೂತುಗಳಿರುತ್ತವೆ. ತೋಳಿರುವುದನ್ನೇ ಕೊಳ್ಳಿ, ಏಳುವಾಗ ಒತ್ತಲು ಜಾಗ ಬೇಕು. ಕುಳಿತಾಗ ಪಾದ ಪೂರ್ತಿ ನೆಲಕ್ಕೆ ತಾಗಿ, ಮೊಣಕಾಲು ಸೊಂಟಕ್ಕಿಂತ ತುಸು ಕೆಳಗಿರಬೇಕು. ಗೋಡೆಗೆ ಮಡಚುವ ಆಸನ ಇಕ್ಕಟ್ಟಿನ ಬಚ್ಚಲಿಗೆ ಚೆನ್ನ, ಗೋಡೆಯ ಬಗ್ಗೆ ಮೇಲೆ ಹೇಳಿದ್ದೆಲ್ಲ ಅದಕ್ಕೂ ಅನ್ವಯಿಸುತ್ತದೆ.

ಕುರ್ಚಿ ತಂದವರು ಮರೆಯುವುದು ಬಕೆಟನ್ನು. ಎತ್ತರದಲ್ಲಿ ಕುಳಿತು ನೆಲದ ಬಕೆಟಿಗೆ ಬಗ್ಗಿ ಚೊಂಬು ಎತ್ತುವುದೆಂದರೆ ಮುಗ್ಗರಿಸಲು ಹೊಸ ದಾರಿ. ಬಕೆಟನ್ನು ಒಂದು ಕಲ್ಲಿನ ಮೇಲೋ ಗಟ್ಟಿ ಸ್ಟ್ಯಾಂಡಿನ ಮೇಲೋ ತೊಡೆಯ ಮಟ್ಟಕ್ಕೆ ಏರಿಸಿ, ಇಲ್ಲವೇ ಕೈಯಲ್ಲಿ ಹಿಡಿಯುವ ಶವರ್ ಹಾಕಿಸಿ. ತುಂಬಿದ ಬಕೆಟನ್ನು ಅವರು ಎತ್ತಬಾರದು, ಅಷ್ಟೇ.

ಕಮೋಡಿನ ಮಾತು

ಕುಕ್ಕರುಗಾಲಿನ ಪಾಯಿಖಾನೆ ಹಲವು ಮನೆಗಳಲ್ಲಿ ಒಂದು ಗೇಣು ಎತ್ತರದ ಕಟ್ಟೆಯ ಮೇಲಿರುತ್ತದೆ. ಬೀಳುವುದು ಆ ಮೆಟ್ಟಿಲು ಇಳಿಯುವಾಗ. ಅದನ್ನು ಒಡೆದು ಪಾಶ್ಚಾತ್ಯ ಕಮೋಡ್ ಹಾಕಿಸುವುದು ಸ್ಥಿರವಾದ ಪರಿಹಾರ, ಆದರೆ ಪೈಪು ತಿರುಗಿಸಬೇಕು, ಮಹಡಿಯಾದರೆ ಸೋರದಂತೆ ನೆಲವನ್ನು ಮತ್ತೆ ಮಾಡಿಸಬೇಕು. ಕುಕ್ಕರುಪಾಯಿಖಾನೆಯ ಮೇಲೆ ಇಡುವ ತೂತಿನ ಕುರ್ಚಿ ಅಗ್ಗ, ಅದೇ ದಿನ ಕೆಲಸಕ್ಕೆ ಬರುತ್ತದೆ. ಕಟ್ಟೆಯ ಮೇಲೆ ನಾಲ್ಕೂ ಕಾಲು ಸಮವಾಗಿ ಕೂರುವಷ್ಟು ಜಾಗವಿದ್ದರೆ ಮಾತ್ರ ತನ್ನಿ. ಕಮೋಡ್ ಈಗಾಗಲೇ ಇದ್ದು ಏಳಲು ಕಷ್ಟವಾದರೆ ಮೇಲೆ ಕೂರಿಸುವ ಎತ್ತರದ ರಿಂಗು ಸಿಗುತ್ತದೆ. ಸ್ಕ್ರೂ ಹಾಕಿ ಬಿಗಿಯುವುದನ್ನೇ ಆರಿಸಿ, ಸುಮ್ಮನೆ ಇಡುವುದು ಓರೆಯಾಗುತ್ತದೆ.

ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವವರಿಗೆ ಇದೆಲ್ಲಕ್ಕಿಂತ ಮಂಚದ ಪಕ್ಕದ ಕಮೋಡ್ ಕುರ್ಚಿ ಅಥವಾ ಗಂಡಸರಿಗೆ ಮೂತ್ರದ ಬಾಟಲಿ ಒಳ್ಳೆಯದು. ಸಂಕೋಚಪಡುತ್ತಾರೆ, ಒಂದು ವಾರ. ಹಾಗೆಯೇ ರಕ್ತದೊತ್ತಡದ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಪ್ರಾಸ್ಟೇಟ್ ಮಾತ್ರೆಗಳಲ್ಲಿ ಕೆಲವು ಎದ್ದು ನಿಂತಾಗ ಒತ್ತಡ ಇಳಿಸಿ ಕಣ್ಣು ಕತ್ತಲೆ ಬರಿಸುತ್ತವೆ. ಬಿಸಿನೀರೂ ಅದನ್ನೇ ಮಾಡುತ್ತದೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಕೇಳಿ, ಏಳುವ ಮುಂಚೆ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂರಿಸಿ.

ಬೀಳಿಸುವುದು ನೆಲವೇ ಆಗಿರಬೇಕಿಲ್ಲ

ಬಚ್ಚಲೊಳಗೆ ಗ್ಯಾಸ್ ಗೀಸರ್ ಇದ್ದರೆ ಈ ಲೇಖನದ ಉಳಿದದ್ದನ್ನು ಆಮೇಲೆ ಓದಿ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಉರಿದಾಗ ಆಮ್ಲಜನಕ ಇಳಿದು ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. “ಜಾರಿ ಬಿದ್ದರು” ಎಂದು ನಾವಂದುಕೊಳ್ಳುವುದು ಕೆಲವೊಮ್ಮೆ ಎಚ್ಚರ ತಪ್ಪಿ ಬಿದ್ದದ್ದಾಗಿರುತ್ತದೆ, ಅದರಿಂದ ಸಾವೂ ಆಗಿದೆ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿ ಇರಬೇಕು. ನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ. ಕರೆಂಟಿನ ಗೀಸರ್, ಸೋಲಾರ್ ಎರಡೂ ಈ ವಿಷಯದಲ್ಲಿ ಮೇಲು. ಸೋಲಾರ್ ನೀರು ಏಪ್ರಿಲ್‌ನಲ್ಲಿ ಸುಡುತ್ತದೆ, ತಣ್ಣೀರು ಮೊದಲು ಬಿಟ್ಟು ಬೆರೆಸಬೇಕು.

ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ, ಒಳಗೆ ಬಿದ್ದವರ ದೇಹವೇ ಅದಕ್ಕೆ ಅಗುಳಿಯಾಗುತ್ತದೆ. ಕೀಲು ಬದಲಿಸಿ ಹೊರಕ್ಕೆ ತೆರೆಯುವಂತೆ ಮಾಡಿಸಲು ಬಡಗಿಗೆ ಅರ್ಧ ದಿನದ ಕೆಲಸ. ಚಿಲಕದ ಬದಲು ಹೊರಗಿನಿಂದ ನಾಣ್ಯ ತಿರುಗಿಸಿ ತೆಗೆಯಬಹುದಾದ ಬೀಗ ಹಾಕಿಸಿ. ದೀಪ ಪ್ರಖರವಾಗಿರಲಿ; ಹೋಗುವ ದಾರಿಗೆ ಯಾರಾದರೂ ನಡೆದಾಗ ತಾನೇ ಹತ್ತುವ ಸಣ್ಣ ದೀಪ ಸಾಕು.

ಆದರೂ ಬಿದ್ದರೆ ತೋಳು ಹಿಡಿದು ಥಟ್ಟನೆ ಎಬ್ಬಿಸಬೇಡಿ. ತೊಡೆಸಂದಿನಲ್ಲಿ ನೋವು, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತೆ ಕಂಡರೆ ಸೊಂಟದ ಮೂಳೆ ಮುರಿದಿರಬಹುದು. ಹಾಗೆಯೇ ಮಲಗಿಸಿ, ಹೊದಿಸಿ, 108ಕ್ಕೆ ಕರೆ ಮಾಡಿ. ರಕ್ತ ತೆಳುಮಾಡುವ ಮಾತ್ರೆ ನುಂಗುವವರ ತಲೆಗೆ ಪೆಟ್ಟಾಗಿದ್ದರೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಬೇಕು.

ಬಾಡಿಗೆ ಮನೆಯವರಿಗೆ

ಗೋಡೆ ಕೊರೆಯಬೇಡಿ ಎನ್ನುವ ಮಾಲೀಕರಿದ್ದಾರೆ. ಮೊದಲು ಒಮ್ಮೆ ಕೇಳಿ ನೋಡಿ. ಖಾಲಿ ಮಾಡುವಾಗ ಕಂಬಿಯನ್ನು ಅಲ್ಲೇ ಬಿಟ್ಟುಹೋಗುತ್ತೇನೆ ಎಂದರೆ ಬಹಳ ಮಂದಿ ಒಪ್ಪುತ್ತಾರೆ, ಅವರ ಮನೆಯಲ್ಲೂ ವಯಸ್ಸಾದವರಿರುತ್ತಾರೆ. ಒಪ್ಪದಿದ್ದರೆ ನೆಲದ ಮೇಲೆ ನಿಲ್ಲುವ ವಸ್ತುಗಳಿಗೆ ಹಣ ಹಾಕಿ: ತೋಳಿರುವ ಸ್ನಾನದ ಕುರ್ಚಿ, ಕಮೋಡಿನ ಎರಡೂ ಬದಿಗೆ ಹಿಡಿ ಕೊಡುವ ಸ್ಟೀಲ್ ಚೌಕಟ್ಟು. ಮನೆ ಬದಲಾಯಿಸುವಾಗ ಅವು ನಿಮ್ಮ ಜೊತೆಗೇ ಬರುತ್ತವೆ. ರಬ್ಬರ್ ಪಾದಗಳನ್ನು ಮಾತ್ರ ಆರು ತಿಂಗಳಿಗೊಮ್ಮೆ ತಿರುಗಿಸಿ ನೋಡಿ. ನಮ್ಮ ನೀರಿನಲ್ಲಿ ಅವುಗಳ ಅಡಿಯಲ್ಲೂ ಬಿಳಿ ಪದರ ಕಟ್ಟುತ್ತದೆ.